ಬಾಯಿ ಹದಿನಾರು, ಗಂಟಲು ಆರು: ಟೈಮರ್ ಮತ್ತು ಎಕ್ಸ್‌ಟೆನ್ಷನ್ ಬಾಕ್ಸ್ ಬಳಸುವ ಬಗೆ

(ಗೃಹಬಳಕೆಯ ವಿದ್ಯುತ್ ಸುರಕ್ಷತೆ ಕುರಿತ ಉಪನ್ಯಾಸದ ಬರಹ ರೂಪ)

ಮೇಜಿನ ಮೇಲಿರುವ ಈ ಬಿಳಿ ಎಕ್ಸ್‌ಟೆನ್ಷನ್ ಬಾಕ್ಸನ್ನು ನೋಡಿ. ಯಾವ ಅಂಗಡಿಯಲ್ಲಾದರೂ ಸಿಗುವಂಥದ್ದು. ನಾಲ್ಕು ಸಾಕೆಟ್, ನಾಲ್ಕು ಸ್ವಿಚ್, ಒಂದು ಕೆಂಪು ದೀಪ. ಸಾಕೆಟ್ಟಿನ ತೂತುಗಳು ಅಗಲವಾಗಿವೆ. ಗೀಸರಿನ ದಪ್ಪ ಪಿನ್ನೂ ಹೋಗುತ್ತದೆ, ಮೊಬೈಲ್ ಚಾರ್ಜರಿನ ಸಣ್ಣ ಪಿನ್ನೂ ಹೋಗುತ್ತದೆ. ಈಗ ವೈರಿನ ಇನ್ನೊಂದು ತುದಿಗೆ ಬನ್ನಿ. ಅಲ್ಲಿರುವುದು ಸಣ್ಣ ತ್ರೀ-ಪಿನ್ ಪ್ಲಗ್, ಅಂದರೆ 6 ಆಂಪಿನದು. ವೈರಿನ ಮೇಲೆ 0.75 ಚದರ ಮಿಲಿಮೀಟರ್ (ಒಳಗಿನ ತಾಮ್ರದ ಅಡ್ಡಕೊಯ್ತದ ಅಳತೆ) ಎಂದು ಅಚ್ಚಾಗಿದೆ. ಬಾಯಿ ಹದಿನಾರು ಆಂಪಿನದು, ಗಂಟಲು ಆರು ಆಂಪಿನದು. ದೊಡ್ಡ ಪ್ಲಗ್ ಸಲೀಸಾಗಿ ಕೂತುಕೊಳ್ಳುತ್ತದಲ್ಲ, ಹಾಗಾಗಿ ಬಾಕ್ಸು ಅದರ ಭಾರ ತಡೆದುಕೊಳ್ಳುತ್ತದೆ ಎಂದು ಜನ ನಂಬುತ್ತಾರೆ. ಅದು ತಪ್ಪು ನಂಬಿಕೆ.

ನಮ್ಮ ದೇಶದಲ್ಲಿ ಮನೆಯ ಪ್ಲಗ್-ಸಾಕೆಟ್ಟುಗಳಿಗೆ ಐಎಸ್ 1293 ಎಂಬ ಮಾನಕ ಇದೆ. ಅದರಲ್ಲಿ ಎರಡು ಅಳತೆ: 6 ಆಂಪ್ ಮತ್ತು 16 ಆಂಪ್. ಹಳಬರು ಇವನ್ನೇ 5 ಆಂಪ್, 15 ಆಂಪ್ ಅನ್ನುತ್ತಾರೆ. ದೊಡ್ಡದಕ್ಕೆ ಪವರ್ ಪ್ಲಗ್ ಎಂಬ ಹೆಸರೂ ಇದೆ. ಸಣ್ಣದರ ಕೆಳಗಿನ ಎರಡು ಪಿನ್ನುಗಳು ಸುಮಾರು 5 ಮಿ.ಮೀ. ದಪ್ಪ, ದೊಡ್ಡದರವು ಸುಮಾರು 7 ಮಿ.ಮೀ. ಮೇಲಿನ ಅರ್ಥ್ ಪಿನ್ ಎರಡರಲ್ಲೂ ಹೆಚ್ಚು ದಪ್ಪ, ಹೆಚ್ಚು ಉದ್ದ. ಪ್ಲಗ್ ಚುಚ್ಚುವಾಗ ಅರ್ಥ್ ಮೊದಲು ತಗುಲಬೇಕು, ಕೀಳುವಾಗ ಕೊನೆಗೆ ಬಿಡಬೇಕು, ಅದಕ್ಕೆ ಆ ಉದ್ದ.

ಲೆಕ್ಕ ಸುಲಭ. ಉಪಕರಣದ ಮೇಲೆ ಬರೆದ ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪ್ ಸಿಗುತ್ತದೆ. 6 ಆಂಪ್ ಅಂದರೆ 1380 ವ್ಯಾಟ್, 16 ಆಂಪ್ ಅಂದರೆ 3680 ವ್ಯಾಟ್. 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ 4.3 ಆಂಪ್ ಎಳೆಯುತ್ತದೆ. 1500 ವ್ಯಾಟಿನ ಕೆಟಲ್ 6.5 ಆಂಪ್, ನೋಡಿ, ಅದೊಂದೇ ಈ ಬಿಳಿ ಬಾಕ್ಸಿನ ಮಿತಿ ದಾಟಿತು. 2000 ವ್ಯಾಟಿನ ಇಂಡಕ್ಷನ್ ಒಲೆ ಅಥವಾ ಗೀಸರ್ 8.7 ಆಂಪ್. 3000 ವ್ಯಾಟಿನ ಇನ್‌ಸ್ಟಂಟ್ ಗೀಸರ್ 13 ಆಂಪ್. ಗಂಟೆಗಟ್ಟಲೆ ಓಡುವ ಸಾಮಾನಾದರೆ ನಾವು ಮುಕ್ಕಾಲು ಭಾಗಕ್ಕೇ ನಿಲ್ಲಿಸುತ್ತೇವೆ: 6 ಆಂಪಿನ ಬಾಕ್ಸಿಗೆ ಒಟ್ಟು 1000 ವ್ಯಾಟ್, 16 ಆಂಪಿನದಕ್ಕೆ 2800. ಇಲ್ಲಿ ‘ಒಟ್ಟು’ ಎಂಬ ಮಾತು ಮುಖ್ಯ. ನಾಲ್ಕು ಸಾಕೆಟ್ಟಿಗೂ ಗಂಟಲು ಒಂದೇ.

ಈಗ ಕಾವಿನ ವಿಷಯ. ವೈರಿನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟು ಎರಡು ಪಟ್ಟಾದರೆ ಕಾವು ನಾಲ್ಕು ಪಟ್ಟು. 0.75ರ ಐದು ಮೀಟರ್ ವೈರಿನಲ್ಲಿ ಹೋಗಿ ಬರುವ ದಾರಿ ಹತ್ತು ಮೀಟರ್, ಅದರ ರೋಧ ಸುಮಾರು ಕಾಲು ಓಮ್. 4 ಆಂಪ್ ಹರಿದರೆ ಇಡೀ ವೈರಿನಲ್ಲಿ 4 ವ್ಯಾಟ್ ಕಾವು, ಏನೂ ತೊಂದರೆಯಿಲ್ಲ. ಗೀಸರಿನ 8.7 ಆಂಪ್ ಹರಿದರೆ 19 ವ್ಯಾಟ್. ವೈರು ನೆಲದ ಮೇಲೆ ಬಿಡಿಸಿಕೊಂಡು ಬಿದ್ದಿದ್ದರೆ ಅದೂ ಗಾಳಿಗೆ ಹೋಗಿಬಿಡಬಹುದು. ಆದರೆ ನಾವೇನು ಮಾಡುತ್ತೇವೆ? ಉಳಿದ ವೈರನ್ನು ಚೆಂದಾಗಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಬೀರುವಿನ ಹಿಂದೆ ತುರುಕುತ್ತೇವೆ. ಸುತ್ತಿನ ಒಳಗಿನ ಎಳೆಗಳ ಕಾವು ಹೊರಗೆ ಬರಲು ದಾರಿಯಿಲ್ಲ, ಪಿವಿಸಿ ಮೆತ್ತಗಾಗುತ್ತದೆ. ಚಾಪೆಯ ಕೆಳಗೆ, ಹಾಸಿಗೆಯ ಕೆಳಗೆ ಹಾಯಿಸಿದರೂ ಅದೇ ಕಥೆ.

ವೈರಿಗಿಂತ ದೊಡ್ಡ ಕಳ್ಳ ಲೂಸ್ ಕಾಂಟ್ಯಾಕ್ಟ್. ಪಿನ್ನನ್ನು ಹಿಡಿಯುವ ಹಿತ್ತಾಳೆಯ ಪತ್ತಿ ಸಡಿಲವಾಗಿ, ಆ ಒಂದು ಬಿಂದುವಿನಲ್ಲಿ 0.2 ಓಮ್ ರೋಧ ಹುಟ್ಟಿತು ಅಂದುಕೊಳ್ಳಿ. 8.7 ಆಂಪಿಗೆ ಅಲ್ಲಿ 15 ವ್ಯಾಟ್ ಕಾವು. ಬೆಸುಗೆ ಹಾಕುವ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅದರ ಅರ್ಧಕ್ಕಿಂತ ಹೆಚ್ಚು ಕಾವು ಪ್ಲಾಸ್ಟಿಕ್ ಡಬ್ಬಿಯೊಳಗೆ, ಬೇಳೆಕಾಳಿನಷ್ಟು ಜಾಗದಲ್ಲಿ. ಕಾದ ಪತ್ತಿಯ ಸ್ಪ್ರಿಂಗ್ ಗುಣ ಹೋಗುತ್ತದೆ, ಹಿಡಿತ ಇನ್ನೂ ಸಡಿಲವಾಗುತ್ತದೆ, ರೋಧ ಇನ್ನೂ ಏರುತ್ತದೆ. ಎಲ್ಲ ಬಗೆಯ ಪ್ಲಗ್ಗನ್ನೂ ನುಂಗುವ ಯೂನಿವರ್ಸಲ್ ಸಾಕೆಟ್ಟುಗಳಲ್ಲಿ ಈ ಕಾಟ ಹೆಚ್ಚು. ಎಲ್ಲರನ್ನೂ ಹಿಡಿಯಲು ಹೋಗಿ ಯಾರನ್ನೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಕರಾವಳಿಯಲ್ಲಿ ಉಪ್ಪುಗಾಳಿಗೆ ಹಿತ್ತಾಳೆ ಹಸಿರುಗಟ್ಟುವುದು, ಮಲೆನಾಡಿನ ಮಳೆಗಾಲದಲ್ಲಿ ಸಾಕೆಟ್ಟಿನೊಳಗೆ ಇರುವೆ ಗೂಡು ಕಟ್ಟುವುದು, ಇವೂ ಅದೇ ರೋಧವನ್ನು ಹೆಚ್ಚಿಸುವ ದಾರಿಗಳೇ. ದೊಡ್ಡ ಪ್ಲಗ್ಗನ್ನು ಸಣ್ಣ ಸಾಕೆಟ್ಟಿಗೆ ಕೂರಿಸಲು ಮಾರುವ ಕನ್ವರ್ಟರ್ ಪ್ಲಗ್ಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ: ಮನೆಯಲ್ಲಿದ್ದರೆ ಎಸೆಯಿರಿ.

‘ಎಂಸಿಬಿ (ಕರೆಂಟು ಮಿತಿಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಇದೆಯಲ್ಲ, ಅದು ಬೀಳುತ್ತದೆ’ ಎಂಬ ಧೈರ್ಯ ಹಲವರಿಗಿದೆ. ಪವರ್ ಪಾಯಿಂಟಿನ 16 ಆಂಪ್ ಎಂಸಿಬಿ 18 ಆಂಪಿನವರೆಗೆ ಒಂದು ಗಂಟೆ ಹೊತ್ತು ಬೀಳದೆ ಇರಬಹುದು. ಸುಮಾರು 23 ಆಂಪ್ ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ಅದರ ತಯಾರಿಕೆಯ ನಿಯಮವೇ ಹಾಗಿದೆ. ಅದು ಕಾಪಾಡುವುದು ಗೋಡೆಯೊಳಗಿನ ವೈರನ್ನು. ಅದರಾಚೆ ನೀವು ಚುಚ್ಚಿದ ತೆಳು ವೈರು 13 ಆಂಪಿಗೆ ಕರಗುತ್ತಿದ್ದರೆ ಎಂಸಿಬಿಯ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿದೆ. 30 ಮಿಲಿಆಂಪಿನ ಆರ್‌ಸಿಸಿಬಿ ಇದ್ದರೆ ಕರೆಂಟು ಮೈಗೆ ಅಥವಾ ನೆಲಕ್ಕೆ ಸೋರಿದಾಗ ಬೀಳುತ್ತದೆ, ಜೀವ ಉಳಿಸುತ್ತದೆ, ಖಂಡಿತ ಹಾಕಿಸಿ. ಆದರೆ ಲೂಸ್ ಕಾಂಟ್ಯಾಕ್ಟಿನ ಕಾವು ಇವೆರಡಕ್ಕೂ ಕಾಣುವುದಿಲ್ಲ.

ಅದು ಕಾಣುವುದು ನಿಮ್ಮ ಮೂಗಿಗೆ, ಕಣ್ಣಿಗೆ, ಕೈಗೆ. ಸ್ವಿಚ್ ಬೋರ್ಡಿನ ಹತ್ತಿರ ಮೀನಿನಂಥ ವಾಸನೆ ಬಂದರೆ ಬೆಕ್ಕನ್ನು ಬೈಯಬೇಡಿ. ಸ್ವಿಚ್-ಸಾಕೆಟ್ಟುಗಳ ಕೆಲವು ಬಗೆಯ ಪ್ಲಾಸ್ಟಿಕ್ ಕಾದಾಗ ಬರುವ ವಾಸನೆ ಅದು. ಪಿನ್ನಿನ ಸುತ್ತ ಕಂದು ಬಣ್ಣ, ಸ್ವಿಚ್ಚಿನಲ್ಲಿ ಚರಚರ ಸದ್ದು, ಇವು ಮುಂದಿನ ಹಂತ. ಅರ್ಧ ಗಂಟೆ ಓಡಿಸಿ, ಸ್ವಿಚ್ ಆಫ್ ಮಾಡಿ, ಪ್ಲಗ್ಗಿನ ಮೈ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ. ಹಿಡಿದುಕೊಳ್ಳಲು ಆಗದಷ್ಟು ಬಿಸಿಯಿದ್ದರೆ ಆ ಜೋಡಿ ಆ ಕೆಲಸಕ್ಕಲ್ಲ.

ಟೈಮರಿನ ಮಾತು ಇಲ್ಲಿಂದ ಶುರು. ಟೈಮರ್ ಅಂದರೆ ಸಾಕೆಟ್ಟಿಗೂ ಉಪಕರಣಕ್ಕೂ ನಡುವೆ ಕೂತು, ಹೇಳಿದ ಹೊತ್ತಿಗೆ ಕರೆಂಟು ಕೊಟ್ಟು, ಹೇಳಿದ ಹೊತ್ತಿಗೆ ಕಡಿಯುವ ಸಾಧನ. ನೀವು ಎದುರಿಗಿದ್ದರೆ ಮೂಗು, ಕಣ್ಣು, ಕೈ ಕಾವಲಿರುತ್ತವೆ. ಟೈಮರ್ ಹಾಕುವುದೇ ನೀವು ಮಲಗಿದ್ದಾಗ, ಮನೆಯಲ್ಲಿಲ್ಲದಾಗ ಕೆಲಸ ನಡೆಯಲಿ ಎಂದು. ಹಾಗಾಗಿ ಕಣ್ಣೆದುರು ನಡೆದುಹೋಗುವ ಸಣ್ಣ ಉಪೇಕ್ಷೆ ಟೈಮರಿನ ಜೊತೆ ನಡೆಯುವುದಿಲ್ಲ.

ಕೈಯಲ್ಲಿರುವ ಈ ಮೊದಲನೆಯದು ಚಕ್ರದ ಟೈಮರ್. ಸುತ್ತ 96 ಕಡ್ಡಿಗಳು, ಒಂದೊಂದಕ್ಕೆ 15 ನಿಮಿಷ, ಒಟ್ಟು 24 ಗಂಟೆ. ಬೇಕಾದ ಹೊತ್ತಿನ ಕಡ್ಡಿಗಳನ್ನು ಒತ್ತಿ, ಚಕ್ರವನ್ನು ಬಾಣ ತೋರಿಸುವ ದಿಕ್ಕಿಗೆ ಮಾತ್ರ ತಿರುಗಿಸಿ ಈಗಿನ ಗಂಟೆಗೆ ತಂದು, ಪಕ್ಕದ ಸಣ್ಣ ಸ್ವಿಚ್ಚನ್ನು ಗಡಿಯಾರದ ಚಿತ್ರದ ಕಡೆ ಇಡಬೇಕು. ಹಿಂದಕ್ಕೆ ತಿರುಗಿಸಿದರೆ ಹಲ್ಲು ಮುರಿಯುತ್ತದೆ. ಇದರ ಮೋಟರು ಓಡುವುದು ಗೋಡೆಯ ಕರೆಂಟಿನಿಂದ, ಆದ್ದರಿಂದ ಕರೆಂಟು ಹೋದರೆ ಗಡಿಯಾರವೂ ನಿಲ್ಲುತ್ತದೆ. ರಾತ್ರಿ ಎರಡು ಗಂಟೆ ಕಾಲ ಕರೆಂಟು ಹೋಗಿದ್ದರೆ ಬೆಳಿಗ್ಗೆ 5.30ಕ್ಕೆ ಆನ್ ಆಗಬೇಕಾದ ಗೀಸರ್ 7.30ಕ್ಕೆ ಆನ್ ಆಗುತ್ತದೆ, ನೀವೆಲ್ಲ ಸ್ನಾನ ಮುಗಿಸಿ ಹೊರಟ ಮೇಲೆ. ವಾರದಲ್ಲಿ ನಾಲ್ಕು ಸಲ ಕರೆಂಟು ಹೋಗುವ ಊರಿಗೆ ಈ ಚಕ್ರ ಹೊಂದುವುದಿಲ್ಲ. ಹಾಗೆಯೇ ಅದನ್ನು ಚುಚ್ಚಿದ ಗೋಡೆಯ ಸ್ವಿಚ್ಚನ್ನು ಯಾರಾದರೂ ಆಫ್ ಮಾಡಿದರೂ ಇದೇ ಪಾಡು.

ಎರಡನೆಯದು ಡಿಜಿಟಲ್. ಒಳಗೆ ಸಣ್ಣ ಬ್ಯಾಟರಿ ಇರುವುದರಿಂದ ಕರೆಂಟು ಹೋದರೂ ಸಮಯ ತಪ್ಪುವುದಿಲ್ಲ. ಹೊಸದಾಗಿ ತಂದಾಗ ಕೈಪಿಡಿ ಹೇಳುವಷ್ಟು ಹೊತ್ತು ಚಾರ್ಜ್ ಆಗಲು ಬಿಟ್ಟು, ಗುಂಡುಸೂಜಿಯಿಂದ ರೀಸೆಟ್ ಒತ್ತಿ, ವಾರ ಮತ್ತು ಸಮಯ ಹೊಂದಿಸಬೇಕು. ಇದರಲ್ಲಿ ಎರಡು ತಪ್ಪು ಪದೇಪದೇ ಆಗುತ್ತವೆ. ಒಂದು, ಬೆಳಿಗ್ಗೆ-ಸಂಜೆ ಅದಲುಬದಲು. 24 ಗಂಟೆಯ ಕ್ರಮಕ್ಕೆ ಬದಲಿಸಿಬಿಟ್ಟರೆ ತಲೆನೋವಿಲ್ಲ. ಇನ್ನೊಂದು ಸೂಕ್ಷ್ಮದ್ದು. ಆನ್, ಆಟೊ, ಆಫ್ ಎಂದು ಮೂರು ಸ್ಥಿತಿ ಇರುತ್ತವೆ. ಬಹಳಷ್ಟು ಟೈಮರುಗಳಲ್ಲಿ ಆನ್‌ನಿಂದ ನೇರ ಆಟೊಗೆ ಬಂದರೆ ಅದು ಆನ್ ಆಗಿಯೇ ಇರುತ್ತದೆ, ಮುಂದಿನ ಆಫ್ ಹೊತ್ತು ಬರುವವರೆಗೆ. ಆಫ್‌ಗೆ ಹೋಗಿ ಅಲ್ಲಿಂದ ಆಟೊಗೆ ಬರುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಟೈಮರಿನ ಬೆನ್ನ ಮೇಲೆ 16(2) ಎಂದೋ 16(4) ಎಂದೋ ಬರೆದಿರುತ್ತದೆ. ಆವರಣದ ಹೊರಗಿನ ಸಂಖ್ಯೆ ಕಾದು ಬಿಸಿಯಾಗುವ ಸಾಮಾನಿಗೆ, ಅಂದರೆ ಗೀಸರಿನ ಕಾಯಿಲ್‌ನಂಥದ್ದಕ್ಕೆ. ಒಳಗಿನದು ಮೋಟರಿನಂಥ ಹೊರೆಗೆ. 16(2) ಇದ್ದರೆ ಮೋಟರಿಗೆ ಬರೀ 2 ಆಂಪ್! ಅರ್ಧ ಎಚ್‌ಪಿ ಪಂಪು ಓಡುವಾಗ 3-4 ಆಂಪ್ ಎಳೆದರೂ ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಆ ಎಳೆತಕ್ಕೆ ಹಾರುವ ಕಿಡಿಗೆ ಒಳಗಿನ ಕಾಂಟ್ಯಾಕ್ಟುಗಳು (ಕೂಡಿ ಬಿಡುವ ಲೋಹದ ತುದಿಗಳು) ಬೆಸೆದುಕೊಳ್ಳುತ್ತವೆ. ಬೆಸೆದುಕೊಂಡ ಮೇಲೆ ಪರದೆ ‘ಆಫ್’ ಅನ್ನುತ್ತಿರುತ್ತದೆ, ಪಂಪು ಓಡುತ್ತಲೇ ಇರುತ್ತದೆ. ಒಂದೇ ಸಲಕ್ಕೆ ಹತ್ತಾರು ಎಲ್‌ಇಡಿ ದೀಪ ಹೊತ್ತಿಸಿದರೂ ಆರಂಭದ ಎಳೆತದಿಂದ ಹೀಗಾಗುವುದುಂಟು.

ಟೈಮರ್ ಕೆಟ್ಟಾಗ ಆಫ್ ಆಗಿ ಸುಮ್ಮನಿರುತ್ತದೆ ಎಂಬ ಖಾತ್ರಿಯಿಲ್ಲ, ಆನ್ ಆಗಿಯೇ ಕೆಡಬಹುದು ಎಂದಾಯಿತಲ್ಲ. ಹಾಗಾದರೆ ಯಾವ ಸಾಮಾನಿಗೆ ಟೈಮರ್ ಹಾಕಬಹುದು ಎನ್ನುವುದಕ್ಕೆ ಒಂದೇ ಪ್ರಶ್ನೆ ಸಾಕು: ಟೈಮರ್ ಕೈಕೊಟ್ಟು ಇದು ಇಡೀ ದಿನ ಆನ್ ಇದ್ದರೆ ಏನಾಗುತ್ತದೆ?

ಜಗಲಿಯ ದೀಪ, ದೀಪಾವಳಿಯ ಸೀರಿಯಲ್ ಸೆಟ್, ಮೀನಿನ ತೊಟ್ಟಿಯ ದೀಪ, ಸೊಳ್ಳೆ ಓಡಿಸುವ ಲಿಕ್ವಿಡ್ ಯಂತ್ರ: ಏನೂ ಆಗುವುದಿಲ್ಲ, ಹಾಕಿ. ಸ್ಟೋರೇಜ್ ಗೀಸರಿನಲ್ಲಿ ಥರ್ಮೋಸ್ಟ್ಯಾಟ್ ಇದೆ, ಅದರ ಮೇಲೊಂದು ಥರ್ಮಲ್ ಕಟ್‌ಔಟ್ ಇದೆ, ಒತ್ತಡ ಬಿಡುವ ವಾಲ್ವ್ ಇದೆ. ಮೂರೂ ಸರಿಯಿದ್ದರೆ ಬಿಲ್ಲು ಏರುತ್ತದೆ ಅಷ್ಟೇ. ಹಾಕಬಹುದು, ಸಾಕೆಟ್ ಸರಿಯಿದ್ದರೆ. ಬಕೆಟ್ಟಿಗೆ ಇಳಿಬಿಡುವ ನೀರು ಕಾಯಿಸುವ ರಾಡಿಗೆ ಬೇಡವೇ ಬೇಡ. ಅದಕ್ಕೆ ತಾನಾಗಿ ನಿಲ್ಲುವ ಬುದ್ಧಿಯಿಲ್ಲ. ನೀರು ಆವಿಯಾಗಿ ರಾಡು ಬೋಳಾದರೆ ಕೆಂಪಗೆ ಕಾದು ಪ್ಲಾಸ್ಟಿಕ್ ಬಕೆಟ್ ಕರಗುತ್ತದೆ, ನಿದ್ದೆಗಣ್ಣಲ್ಲಿ ನೀರಿಗೆ ಕೈ ಅದ್ದಿದವರ ಗತಿ ಬೇರೆ. ಇಸ್ತ್ರಿ ಪೆಟ್ಟಿಗೆ, ರೂಮ್ ಹೀಟರ್, ಗ್ರಿಲ್, ಇವೂ ಅದೇ ಸಾಲಿಗೆ. ಸಂಪಿನ ಪಂಪಿಗೆ ಗಂಟೆ ಮುಖ್ಯವಲ್ಲ, ನೀರಿನ ಮಟ್ಟ ಮುಖ್ಯ. ಸಂಪು ಖಾಲಿಯಿದ್ದರೆ ಪಂಪು ಒಣ ಓಡಿ ಸೀಲ್ ಸುಡುತ್ತದೆ. ಅಲ್ಲಿ ಬೇಕಾದದ್ದು ಫ್ಲೋಟ್ ಸ್ವಿಚ್ ಅಥವಾ ವಾಟರ್ ಲೆವೆಲ್ ಕಂಟ್ರೋಲರ್, ಟೈಮರ್ ಅಲ್ಲ.

ಫ್ರಿಜ್ ಮತ್ತು ಎಸಿಗೆ ಟೈಮರ್ ಬೇಡ ಅನ್ನುವುದಕ್ಕೆ ಕಾರಣ ಬೇರೆ. ಕಂಪ್ರೆಸರ್ ನಿಂತ ತಕ್ಷಣ ಮತ್ತೆ ಹೊರಡಿಸಿದರೆ ಒಳಗಿನ ಗ್ಯಾಸಿನ ಒತ್ತಡ ಇನ್ನೂ ಸಮವಾಗಿರುವುದಿಲ್ಲ. ಮೋಟರು ತಿರುಗಲಾರದೆ ತಡವರಿಸಿ ಭಾರೀ ಕರೆಂಟು ಎಳೆಯುತ್ತದೆ. ಸ್ಟೆಬಿಲೈಸರುಗಳು ಮೂರು ನಿಮಿಷ ಕಾಯಿಸುವುದು ಅದಕ್ಕೇ. ಎಸಿಯ ರಿಮೋಟಿನಲ್ಲೇ ಟೈಮರ್ ಇದೆ, ಅದನ್ನು ಬಳಸಿ. ವಾಷಿಂಗ್ ಮೆಷಿನ್, ಟಚ್ ಬಟನ್ನಿನ ಇಂಡಕ್ಷನ್ ಒಲೆ, ಇವುಗಳಿಗೆ ಟೈಮರ್ ಹಾಕಿ ಪ್ರಯೋಜನವೂ ಇಲ್ಲ, ಕರೆಂಟು ಬಂದ ಮೇಲೆ ಗುಂಡಿ ಒತ್ತಲು ಒಬ್ಬರು ಬೇಕು.

ಗೀಸರಿನ ಲೆಕ್ಕ ಪೂರ್ತಿ ಮಾಡೋಣ, ಏಕೆಂದರೆ ಹೆಚ್ಚು ಜನ ಟೈಮರ್ ಕೊಳ್ಳುವುದೇ ಇದಕ್ಕೆ. 15 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೆ ಏರಲು ಸುಮಾರು 2200 ಕಿಲೋಜೂಲ್ ಬೇಕು. 2000 ವ್ಯಾಟಿನ ಕಾಯಿಲ್ ಅದನ್ನು 18 ನಿಮಿಷದಲ್ಲಿ ಕೊಡುತ್ತದೆ, ಖರ್ಚು 0.6 ಯೂನಿಟ್. ಚಕ್ರದ ಟೈಮರಿನಲ್ಲಿ ಎರಡು ಕಡ್ಡಿ, ಅರ್ಧ ಗಂಟೆ, ಧಾರಾಳ ಸಾಕು. 25 ಲೀಟರಿನದಕ್ಕೆ ಮೂರು ಕಡ್ಡಿ. ಗೃಹಜ್ಯೋತಿ ಬಂದ ಮೇಲೆ ಮೀಟರಿನ ಮೇಲೆ ಕಣ್ಣಿಟ್ಟವರು ಎರಡು ಗಂಟೆ ಆನ್ ಬಿಡುವುದನ್ನು ನಿಲ್ಲಿಸಿದ್ದರೆ ಒಳ್ಳೆಯದೇ. ಟೈಮರ್ 16 ಆಂಪಿನದೇ ಇರಬೇಕು, ನೇರ ಗೋಡೆಯ ಪವರ್ ಪಾಯಿಂಟಿಗೆ ಚುಚ್ಚಬೇಕು, ಸಾಕೆಟ್ಟು ಬಚ್ಚಲಿನ ಹೊರಗಿರಬೇಕು; ಹಬೆ ಟೈಮರಿನೊಳಗೆ ನೀರಾಗಿ ಕೂರುತ್ತದೆ. 3000 ವ್ಯಾಟಿನ ಇನ್‌ಸ್ಟಂಟ್ ಗೀಸರಿಗೆ ಟೈಮರ್ ಹಾಕುವುದು ವ್ಯರ್ಥ, ಅದು ಬೇಕಾದಾಗಲೇ ಕೆಲವೇ ನಿಮಿಷದಲ್ಲಿ ನೀರು ಕಾಯಿಸಿಕೊಡುತ್ತದೆ.

ಬೆಂಗಳೂರು, ಮೈಸೂರಿನ ಸೋಲಾರ್ ಮನೆಗಳಲ್ಲಿ ಮಳೆಗಾಲಕ್ಕೆಂದು ತೊಟ್ಟಿಯೊಳಗೆ ಬ್ಯಾಕಪ್ ಕಾಯಿಲ್ ಇರುತ್ತದೆ. 100 ಲೀಟರನ್ನು 25ರಿಂದ 50 ಡಿಗ್ರಿಗೆ ತರಲು 2000 ವ್ಯಾಟಿಗೆ 87 ನಿಮಿಷ ಬೇಕು. ಒಂದೂವರೆ ಗಂಟೆ ಬಿಡದೆ 8.7 ಆಂಪ್, ದಿನಾ. ಚುಚ್ಚುವ ಟೈಮರಿಗೆ ಇದನ್ನು ಹೊರಿಸಬೇಡಿ. ಡಿಬಿ ಪೆಟ್ಟಿಗೆಯೊಳಗೆ (ಮನೆಯ ಎಂಸಿಬಿಗಳಿರುವ ಪೆಟ್ಟಿಗೆ) ಕೂರುವ ಟೈಮರ್, ಅದರ ಆಜ್ಞೆಗೆ ಓಡುವ 25 ಆಂಪಿನ ಕಾಂಟ್ಯಾಕ್ಟರ್, ಇವೆರಡನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿ. ಟೈಮರ್ ಬರೀ ಕಾಂಟ್ಯಾಕ್ಟರಿನ ಸಣ್ಣ ಕಾಯಿಲನ್ನು ಎಬ್ಬಿಸುತ್ತದೆ, ಭಾರ ಹೊರುವುದು ಕಾಂಟ್ಯಾಕ್ಟರ್.

ಟೈಮರನ್ನು ಎಕ್ಸ್‌ಟೆನ್ಷನ್ ಬಾಕ್ಸಿಗೆ ಚುಚ್ಚಿದರೆ ಅದರ ತೂಕಕ್ಕೆ ಪಿನ್ನು ವಾಲಿ ಹಿಡಿತ ಸಡಿಲವಾಗುತ್ತದೆ. ತಿರುಗಿಸಿ, ಗೋಡೆಗೆ ಟೈಮರ್, ಟೈಮರಿಗೆ ಬಾಕ್ಸ್, ಬಾಕ್ಸಿಗೆ ನಾಲ್ಕು ಸಣ್ಣ ದೀಪ: ಇದು ಸರಿ. ಬಾಕ್ಸಿಗೆ ಬಾಕ್ಸ್ ಚುಚ್ಚಿ ಸರಪಳಿ ಮಾಡುವುದು ಎಂದೂ ಸರಿಯಲ್ಲ.

ಒಳ್ಳೆಯ 16 ಆಂಪಿನ ಎಕ್ಸ್‌ಟೆನ್ಷನ್ ಅಂಗಡಿಯಲ್ಲಿ ಕಡಿಮೆ. ಮಾಡಿಸಿಕೊಳ್ಳುವುದೇ ವಾಸಿ. ಬೇಕಾದದ್ದು ಇಷ್ಟು: ಐಎಸ್ 694 (ವೈರಿನ ಮಾನಕ) ಮತ್ತು ಐಎಸ್‌ಐ ಗುರುತಿನ ಮೂರೆಳೆಯ 2.5 ಚದರ ಮಿ.ಮೀ. ತಾಮ್ರದ ಫ್ಲೆಕ್ಸಿಬಲ್ ಕೇಬಲ್ ನಾಲ್ಕು ಮೀಟರ್, 16 ಆಂಪಿನ ಪ್ಲಗ್ ಟಾಪ್, ಸ್ವಿಚ್ ಸಹಿತ 16 ಆಂಪಿನ ಒಂದೇ ಸಾಕೆಟ್, ಅದಕ್ಕೊಂದು ಪಿವಿಸಿ ಬಾಕ್ಸ್. ಕಂದು ಎಳೆ ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ಥ್. ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್, ಮೇಲೆ ಅರ್ಥ್. ಇದು ಅದಲುಬದಲಾದರೆ ಸ್ವಿಚ್ ಫೇಸಿನ ಬದಲು ನ್ಯೂಟ್ರಲನ್ನು ಕತ್ತರಿಸುತ್ತದೆ. ಉಪಕರಣ ನಿಂತಿರುತ್ತದೆ, ಒಳಗೆ ಕರೆಂಟು ಇರುತ್ತದೆ. ತುದಿ ಸುಮಾರು 10 ಮಿ.ಮೀ. ಸುಲಿದು, ಎಳೆಗಳನ್ನು ಹೊಸೆದು, ಮಡಚಿ ಸ್ಕ್ರೂಗೆ ಬಿಗಿಯಬೇಕು. ಗಟ್ಟಿಯಾಗಲಿ ಎಂದು ಸೋಲ್ಡರ್ ಹಚ್ಚಿ ಬಿಗಿಯುವವರಿದ್ದಾರೆ. ಬೇಡ. ಸೋಲ್ಡರ್ ಮೆತ್ತನೆಯ ಲೋಹ, ಸ್ಕ್ರೂವಿನ ಒತ್ತಡಕ್ಕೆ ತಿಂಗಳುಗಳಲ್ಲಿ ನಿಧಾನ ಹರಿದು ಸಡಿಲವಾಗುತ್ತದೆ. ಅರ್ಥ್ ಎಳೆಯನ್ನು ಉಳಿದೆರಡಕ್ಕಿಂತ ಎರಡು ಸೆಂಟಿಮೀಟರ್ ಉದ್ದ ಬಿಡಿ. ಯಾರಾದರೂ ವೈರು ಜಗ್ಗಿದರೆ ಅದು ಕೊನೆಗೆ ಕಿತ್ತುಬರಲಿ. ಪ್ಲಗ್ಗಿನೊಳಗಿನ ಪಟ್ಟಿ ಕೇಬಲ್ಲಿನ ಹೊರಚರ್ಮವನ್ನು ಹಿಡಿದಿರಬೇಕು, ಒಳ ಎಳೆಗಳನ್ನಲ್ಲ.

ಕೊಂಡ ಬಾಕ್ಸಿನಲ್ಲಿ ಒಂದನ್ನು ತಪ್ಪದೆ ನೋಡಿ. ಅಗ್ಗದವುಗಳಲ್ಲಿ ಮೂರು ತೂತು ಇರುತ್ತವೆ, ವೈರಿನಲ್ಲಿ ಎರಡೇ ಎಳೆ. ಪ್ಲಗ್ ಕಿತ್ತು, ಮಲ್ಟಿಮೀಟರನ್ನು ಬೀಪ್ ಸ್ಥಾನಕ್ಕಿಟ್ಟು, ಒಂದು ಕಡ್ಡಿ ಪ್ಲಗ್ಗಿನ ಅರ್ಥ್ ಪಿನ್ನಿಗೆ, ಇನ್ನೊಂದು ಸಾಕೆಟ್ಟಿನ ಮೇಲಿನ ತೂತಿಗೆ. ಕೂಗದಿದ್ದರೆ ಅಂಗಡಿಗೆ ವಾಪಸ್.

ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಕೆಲವು.

ಎಲೆಕ್ಟ್ರಿಕ್ ಸ್ಕೂಟರನ್ನು ಕಿಟಕಿಯಿಂದ ಎಕ್ಸ್‌ಟೆನ್ಷನ್ ಎಳೆದು ಚಾರ್ಜ್ ಮಾಡಬಹುದೇ? ಕಂಪನಿಯ ಕೈಪಿಡಿ ಬೇಡ ಅಂದಿದ್ದರೆ ಬೇಡ. ಚಾರ್ಜರ್ ಎಳೆಯುವ ಕರೆಂಟು ಗೀಸರಿನಷ್ಟಿಲ್ಲ ನಿಜ, ಆದರೆ ನಾಲ್ಕೈದು ಗಂಟೆ ಬಿಡದೆ ಎಳೆಯುತ್ತದೆ, ಅದೂ ರಾತ್ರಿ. ಕಿಟಕಿಯ ಸಂದಿನಲ್ಲಿ ವೈರು ನಜ್ಜಾಗುತ್ತದೆ, ಮಳೆಗೆ ಬಾಕ್ಸ್ ನೆನೆಯುತ್ತದೆ. ನಿಲ್ಲಿಸುವ ಜಾಗದಲ್ಲೇ ಅರ್ಥಿಂಗ್ ಇರುವ 16 ಆಂಪ್ ಪಾಯಿಂಟನ್ನು, ಬೇರೆ ಎಂಸಿಬಿಯೊಂದಿಗೆ, ಆರ್‌ಸಿಸಿಬಿಯ ರಕ್ಷಣೆಯಲ್ಲಿ ಹಾಕಿಸುವುದು ಒಮ್ಮೆಯ ಖರ್ಚು.

ಅಮೆರಿಕದಿಂದ ಮಗ ತಂದ ಚಕ್ರದ ಟೈಮರ್ ಇಲ್ಲಿ ನಡೆಯುತ್ತದೆಯೇ? ಇಲ್ಲ. ಅದು 120 ವೋಲ್ಟಿನದು, 230ಕ್ಕೆ ಸುಡುತ್ತದೆ. ಸುಡದೆ ಉಳಿದರೂ 60 ಹರ್ಟ್ಸಿಗೆ ಮಾಡಿದ ಮೋಟರು ನಮ್ಮ 50 ಹರ್ಟ್ಸಿನಲ್ಲಿ ದಿನಕ್ಕೆ ನಾಲ್ಕು ಗಂಟೆ ಹಿಂದೆ ಬೀಳುತ್ತದೆ. ಬ್ರಿಟನ್ನಿನ ಟೈಮರ್ ನಮ್ಮ ವೋಲ್ಟೇಜಿಗೆ ಹೊಂದುತ್ತದೆ; ಆದರೆ ಅದರ ಚಪ್ಪಟೆ ಪಿನ್ನಿಗೆ ಅಡಾಪ್ಟರ್ ಬೇಕು, ಅಡಾಪ್ಟರ್ ಅಂದರೆ ಇನ್ನೊಂದು ಸಡಿಲ ಕೀಲು. ದೀಪಗಳಿಗೆ ಸಾಕು, ಗೀಸರಿಗೆ ಬೇಡ.

ಸ್ಮಾರ್ಟ್ ಪ್ಲಗ್ ವಾಸಿಯೇ? ಸಮಯ ತಪ್ಪುವುದಿಲ್ಲ, ಎಷ್ಟು ವ್ಯಾಟ್ ಹೋಗುತ್ತಿದೆ ಎಂದು ಕೆಲವು ತೋರಿಸುತ್ತವೆ. ಆದರೆ ಅದರ ಕಾಂಟ್ಯಾಕ್ಟೂ ಬೆಸೆದುಕೊಳ್ಳುತ್ತದೆ, ಆಂಪಿನ ನಿಯಮ ಅದಕ್ಕೂ ಅಷ್ಟೇ. ಅದನ್ನು ನಡೆಸುವ ಫೋನಿನ ಆಪ್‌ನಲ್ಲಿ ‘ಕರೆಂಟು ಬಂದ ಮೇಲೆ’ ಪ್ಲಗ್ ಆನ್ ಇರಬೇಕೋ ಆಫ್ ಇರಬೇಕೋ ಎಂಬ ಆಯ್ಕೆ ಇದ್ದರೆ ಆಫ್ ಆರಿಸಿ.

ಗೀಸರಿನ ಪ್ಲಗ್ ಸಾಕೆಟ್ಟಿಗೆ ಅಂಟಿಕೊಂಡಿದೆ, ಕೀಳಲು ಬರುತ್ತಿಲ್ಲ, ಏನು ಮಾಡುವುದು? ಅಲುಗಾಡಿಸಬೇಡಿ. ಮೊದಲು ಎಂಸಿಬಿ ಇಳಿಸಿ, ಟೆಸ್ಟರಿನಲ್ಲಿ ನೋಡಿ, ಆಮೇಲೆ ಎಲೆಕ್ಟ್ರಿಷಿಯನ್‌ಗೆ ಹೇಳಿ. ಅವರು ಪ್ಲಗ್ ಮಾತ್ರ ಬದಲಿಸಿ ಹೊರಟರೆ ಬಿಡಬೇಡಿ. ಕಾದು ಸಡಿಲಗೊಂಡ ಪತ್ತಿ ಇನ್ನೂ ಸಾಕೆಟ್ಟಿನೊಳಗಿದೆ. ಹೊಸ ಪ್ಲಗ್ಗನ್ನೂ ಅದು ಸುಡುತ್ತದೆ. ಪ್ಲಗ್, ಸಾಕೆಟ್ ಎರಡೂ ಹೊಸದಾಗಬೇಕು, ಹಿಂದಿನ ವೈರಿನ ಕರಕಲು ತುದಿಯನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಬಿಗಿಯಬೇಕು.